ಮೇಳದ ಮಳಿಗೆಯಿಂದ ಅಂಗಡಿಯ ಕಪಾಟಿಗೆ: ಫಿಲಿಪೈನ್ಸ್‌ನ ಆಹಾರ ರಫ್ತು ಪ್ರಚಾರದ ಸಮೀಕ್ಷೆ

ಅಂತರರಾಷ್ಟ್ರೀಯ ಆಹಾರ ಮೇಳವೊಂದರಲ್ಲಿ ಫಿಲಿಪೈನ್ಸ್‌ನ ರಫ್ತುದಾರರ ತಂಡ ಪಾಲ್ಗೊಂಡು ಮರಳಿದಾಗಲೆಲ್ಲ ಆ ದೇಶದ ಸರ್ಕಾರ ಡಾಲರುಗಳಲ್ಲಿ ಎಣಿಸಿದ ಮಾರಾಟದ ಮೊತ್ತವೊಂದನ್ನು ಪ್ರಕಟಿಸುವುದು ವಾಡಿಕೆ. ಆ ಮೊತ್ತದಲ್ಲಿ ಎರಡು ಬೇರೆ ಜಾತಿಯ ವ್ಯವಹಾರಗಳು ಬೆರೆತಿರುತ್ತವೆ: ಮೇಳದ ದಿನಗಳಲ್ಲಿಯೇ ಖಚಿತವಾದ ಆರ್ಡರುಗಳು ಒಂದು ಕಡೆ, ಮಾತುಕತೆಯ ಹಂತದಲ್ಲಿದ್ದು ಮುಂದೆ ಕುದುರಬಹುದೆಂದು ರಫ್ತುದಾರರು ಅಂದಾಜಿಸಿ ಬರೆದುಕೊಟ್ಟವು ಇನ್ನೊಂದು ಕಡೆ. ಈ ಎರಡನೆಯದರಲ್ಲಿ ಎಷ್ಟು ಪಾಲು ನಿಜವಾಗಿ ಹಡಗು ಹತ್ತಿತು, ಹತ್ತಿದ ಸರಕಿನ ಪೈಕಿ ಎಷ್ಟಕ್ಕೆ ಮರುವರ್ಷವೂ ಬೇಡಿಕೆ ಬಂತು ಎಂಬ ಲೆಕ್ಕ ಅಷ್ಟೇ ಸದ್ದು ಮಾಡುತ್ತ ಹೊರಬರುವುದಿಲ್ಲ. ಸಣ್ಣ ಆಹಾರ ತಯಾರಕನಿಗೆ ಜೀವ ಕೊಡುವುದು ಮೊದಲ ಆರ್ಡರಲ್ಲ, ಎರಡನೆಯದು ಮತ್ತು ಮೂರನೆಯದು. ಹೀಗಿರುವಾಗ ಮೇಳದ ಪ್ರಚಾರವನ್ನು ಮೇಳದ ಕೊನೆಯ ದಿನದ ಅಂಕಿಯಿಂದ ಅಳೆಯುವುದು ಸರಿಯೇ ಎಂಬ ಪ್ರಶ್ನೆಯಿಂದಲೇ ಈ ವಿಷಯದ ಚರ್ಚೆ ಆರಂಭವಾಗಬೇಕಾಗುತ್ತದೆ.

ಈ ಪ್ರಚಾರದ ಹೊಣೆ ಹೊತ್ತಿರುವುದು ವ್ಯಾಪಾರ ಮತ್ತು ಕೈಗಾರಿಕಾ ಇಲಾಖೆಯ ಅಧೀನದಲ್ಲಿರುವ ಸೈಟೆಮ್ ಎಂಬ ಸಂಸ್ಥೆ. 1980ರ ದಶಕದಲ್ಲಿ ಸ್ಥಾಪನೆಯಾದ ಇದು ವಿದೇಶಗಳ ಮೇಳಗಳಲ್ಲಿ ಫುಡ್‌ಫಿಲಿಪೈನ್ಸ್ ಎಂಬ ಹೆಸರಿನಡಿ ದೇಶದ ಮಂಟಪವನ್ನು ಕಟ್ಟುತ್ತದೆ. ಸ್ವದೇಶದಲ್ಲಿ, ಪಸಾಯ್ ನಗರದ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ, ಐಫೆಕ್ಸ್ ಎಂಬ ಆಹಾರ ಪ್ರದರ್ಶನವನ್ನು ನಡೆಸಿ ಹೊರದೇಶದ ಖರೀದಿದಾರರನ್ನು ಕರೆಸಿಕೊಳ್ಳುತ್ತದೆ. ಸರ್ಕಾರ ಹೋಗಿ ಬರುವ ಮೇಳಗಳ ಪೈಕಿ ಮುಖ್ಯವಾದವು ಬೆಸ ಸಂಖ್ಯೆಯ ವರ್ಷಗಳಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಡೆಯುವ ಅನುಗಾ, ಸಮ ಸಂಖ್ಯೆಯ ವರ್ಷಗಳಲ್ಲಿ ಪ್ಯಾರಿಸ್ಸಿನಲ್ಲಿ ನಡೆಯುವ ಸಿಯಾಲ್, ಪ್ರತಿ ವರ್ಷ ದುಬೈಯಲ್ಲಿ ಸೇರುವ ಗಲ್ಫುಡ್, ಜಪಾನಿನ ಫುಡೆಕ್ಸ್ ಮತ್ತು 2018ರಿಂದ ಶಾಂಘೈಯಲ್ಲಿ ನಡೆಯುತ್ತಿರುವ ಆಮದು ಮೇಳ. 2023ರ ಅನುಗಾದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮಳಿಗೆ ಹಾಕಿದ್ದವು, ಸುಮಾರು 1 ಲಕ್ಷ 40 ಸಾವಿರ ವ್ಯಾಪಾರಿಗಳು ಬಂದುಹೋಗಿದ್ದರು ಎಂಬುದನ್ನು ನೆನೆದರೆ, ಒಂದು ದೇಶದ ಸಣ್ಣ ಮಂಟಪ ಅಲ್ಲಿ ಕಣ್ಣಿಗೆ ಬೀಳುವುದೇ ಎಷ್ಟು ಕಷ್ಟ ಎಂಬುದು ತಿಳಿಯುತ್ತದೆ.

ಯಾರಿಗೆ ಈ ಮಂಟಪ ಬೇಕು, ಯಾರಿಗೆ ಬೇಡ ಎಂಬುದನ್ನು ಬಿಡಿಸಿ ನೋಡದೆ ಮುಂದುವರಿಯುವುದು ಸಾಧ್ಯವಿಲ್ಲ. ಫಿಲಿಪೈನ್ಸ್‌ನ ಕೃಷಿ ರಫ್ತಿನ ದೊಡ್ಡ ಕಂಬಗಳೆಂದರೆ ಕೊಬ್ಬರಿ ಎಣ್ಣೆ, ದಾವಾವ್ ಸುತ್ತಲಿನ ತೋಟಗಳ ಕ್ಯಾವೆಂಡಿಷ್ ಬಾಳೆ, ಅನಾನಸ್ ಮತ್ತು ಜನರಲ್ ಸಾಂಟೋಸ್ ಬಂದರಿನ ಟ್ಯೂನಾ ಮೀನು. ಇವು ಬಹುಪಾಲು ದೊಡ್ಡ ಕಂಪನಿಗಳ ಕೈಯಲ್ಲಿ, ದೀರ್ಘಾವಧಿ ಒಪ್ಪಂದಗಳ ಮೇಲೆ ಸಾಗುವ ಸರಕುಗಳು. ಬುಕಿಡ್ನಾನ್ ಪ್ರಾಂತದಲ್ಲಿ 1926ರಲ್ಲಿ ಅನಾನಸ್ ಕೃಷಿ ಆರಂಭಿಸಿದ ಡೆಲ್ ಮಾಂಟೆಯಂಥ ಸಂಸ್ಥೆಗೆ ಖರೀದಿದಾರನನ್ನು ಹುಡುಕಿಕೊಡಲು ಸರ್ಕಾರದ ಮೂರು ಮೀಟರ್ ಅಗಲದ ಮಳಿಗೆಯ ಅಗತ್ಯವಿಲ್ಲ. ಮಂಟಪ ಬೇಕಾಗಿರುವುದು ಸೆಬು ದ್ವೀಪದ ಒಣ ಮಾವಿನ ಹಣ್ಣಿನ ತಯಾರಕರಿಗೆ, ಬಿಕೋಲ್ ಪ್ರದೇಶದ ಪಿಲಿ ಬೀಜದವರಿಗೆ, ಕಲಮಾನ್ಸಿ ಎಂಬ ಪುಟ್ಟ ನಿಂಬೆಯ ರಸ ತೆಗೆಯುವವರಿಗೆ, ತೆಂಗಿನ ಹೊಂಬಾಳೆಯ ನೀರಾದಿಂದ ಸಕ್ಕರೆ ಮಾಡುವ ಸಹಕಾರ ಸಂಘಗಳಿಗೆ, ದಾವಾವ್‌ನ ಕೋಕೋದಿಂದ ಚಾಕೊಲೆಟ್ ಮಾಡಿ ಹೊರಗಿನ ಸ್ಪರ್ಧೆಗಳಲ್ಲಿ ಬಹುಮಾನ ಗಳಿಸಿರುವ ಮಲಾಗೋಸ್, ಔರೋದಂಥ ಹೊಸಬರಿಗೆ. ದೇಶದ ಉದ್ಯಮಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಗಾತ್ರದವೇ ಆಗಿರುವುದರಿಂದ ಪ್ರಚಾರದ ಗುರಿ ಇವರೇ ಆಗಿರುವುದು ಸಹಜ. ಆದರೆ ರಫ್ತಿನ ಒಟ್ಟು ಅಂಕಿ ಏರುವುದೂ ಇಳಿಯುವುದೂ ಮೊದಲ ಗುಂಪಿನಿಂದ. ಮೇಳದಲ್ಲಿ ಕಾಣಿಸಿಕೊಳ್ಳುವುದು ಎರಡನೆಯ ಗುಂಪು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಸರ್ಕಾರಿ ಪ್ರಕಟಣೆಗಳು ಓದುಗನನ್ನು ಸುಲಭವಾಗಿ ದಾರಿ ತಪ್ಪಿಸುತ್ತವೆ.

ಈ ಸಣ್ಣ ತಯಾರಕರ ಮೊದಲ ವಿದೇಶಿ ಗಿರಾಕಿ ವಿದೇಶಿಯನಲ್ಲ. ಸುಮಾರು 1 ಕೋಟಿ ಫಿಲಿಪಿನೋ ಜನ ದೇಶದ ಹೊರಗೆ ಬದುಕುತ್ತಿದ್ದಾರೆ. ಕೊಲ್ಲಿ ರಾಷ್ಟ್ರಗಳಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಹಾಂಗ್‌ಕಾಂಗ್‌ನಲ್ಲಿ ದಾದಿಯರಾಗಿ, ಹಡಗಿನ ಕೆಲಸದವರಾಗಿ, ಮನೆಗೆಲಸದವರಾಗಿ ದುಡಿಯುವ ಇವರಿಗಾಗಿಯೇ ಮೀನಿನ ಪಾತಿಸ್ ಸಾರ, ಸೀಗಡಿಯ ಬಗೂಂಗ್ ಗೊಜ್ಜು, ಕಬ್ಬಿನ ವಿನೆಗರ್, ಬಾಳೆಹಣ್ಣಿನ ಕೆಚಪ್ ಕಂಟೇನರುಗಳಲ್ಲಿ ಹೊರಟವು. ಜಾಲಿಬೀ ಎಂಬ ಫಿಲಿಪಿನೋ ಹೋಟೆಲ್ ಸರಣಿ ಅಮೆರಿಕದಲ್ಲಿ ತನ್ನ ಮೊದಲ ಅಂಗಡಿಯನ್ನು 1998ರಲ್ಲಿ ತೆರೆದದ್ದು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ, ಫಿಲಿಪಿನೋ ಜನ ದಟ್ಟವಾಗಿರುವ ಡೇಲಿ ಸಿಟಿಯಲ್ಲಿ ಎಂಬುದು ಇದೇ ದಾರಿಯ ಗುರುತು. ಈ ಮಾರುಕಟ್ಟೆ ನಂಬಿಕಸ್ಥವಾದದ್ದು, ಆದರೆ ಮಿತಿಯುಳ್ಳದ್ದು. ಅಲ್ಲಿ ಗಿರಾಕಿಗೆ ಏನನ್ನೂ ವಿವರಿಸಬೇಕಿಲ್ಲ, ಹಾಗಾಗಿ ಲೇಬಲ್ಲಿನಲ್ಲಿ ಅಡುಗೆಯ ವಿಧಾನ ಬರೆಯುವ ಅಭ್ಯಾಸವೂ ಬೆಳೆಯುವುದಿಲ್ಲ; ಎರಡನೆಯ ತಲೆಮಾರಿನವರು ನಾಲಗೆಯ ರುಚಿ ಬದಲಿಸಿಕೊಂಡಂತೆ ಬೇಡಿಕೆ ತಾನಾಗಿ ತೆಳುವಾಗುತ್ತದೆ. ಕಲೋನ್ ಅಥವಾ ಪ್ಯಾರಿಸ್ಸಿಗೆ ಹೋಗುವುದೆಂದರೆ ಈ ಪರಿಚಿತ ಕಪಾಟನ್ನು ಬಿಟ್ಟು, ಬಗೂಂಗ್ ಎಂಬ ಹೆಸರನ್ನೇ ಕೇಳಿರದ ಗಿರಾಕಿ ನಡೆದಾಡುವ ಕಪಾಟಿಗೆ ಏರುವ ಪ್ರಯತ್ನ.

ಇಲ್ಲಿ ಮಂಟಪದ ಕಲ್ಪನೆಯಲ್ಲಿಯೇ ಒಂದು ತೊಡಕಿದೆ. ಸರ್ಕಾರಗಳು ದೇಶವನ್ನು ತೋರಿಸಲು ಬಯಸುತ್ತವೆ, ಖರೀದಿದಾರರು ಸರಕನ್ನು ಹುಡುಕುತ್ತಾರೆ. ಅನುಗಾ ಮೇಳವೇ ಹಾಲಿನ ಉತ್ಪನ್ನ, ಮಾಂಸ, ಹೆಪ್ಪುಗಟ್ಟಿಸಿದ ಆಹಾರ, ಸಾವಯವ, ಪಾನೀಯ ಎಂದು ವಿಭಾಗಗಳಾಗಿ ಒಡೆದುಕೊಂಡಿದೆ. ಜರ್ಮನಿಯ ಸೂಪರ್‌ಮಾರ್ಕೆಟ್ ಸರಣಿಯೊಂದಕ್ಕೆ ಒಣಹಣ್ಣು ಖರೀದಿಸುವ ಅಧಿಕಾರಿ ಒಣಹಣ್ಣಿನವರಿಂದ ಒಣಹಣ್ಣಿನವರ ಬಳಿಗೆ ಹೋಗುತ್ತಾನೆಯೇ ಹೊರತು ಫಿಲಿಪೈನ್ಸ್‌ನಿಂದ ಪೆರುವಿಗೆ ಸುತ್ತು ಹಾಕುವುದಿಲ್ಲ. ಒಂದೇ ಬಣ್ಣದ ಗೋಡೆ, ಒಂದೇ ಲಾಂಛನದ ಕೆಳಗೆ ಟ್ಯೂನಾ, ಚಾಕೊಲೆಟ್, ತೆಂಗಿನ ಹಾಲು, ಬಿಸ್ಕತ್ತು ಸಾಲಾಗಿ ಕುಳಿತಾಗ ಛಾಯಾಚಿತ್ರ ಚೆನ್ನಾಗಿ ಬರುತ್ತದೆ, ವ್ಯಾಪಾರ ಅಷ್ಟು ಚೆನ್ನಾಗಿ ಬರುತ್ತದೆಂದು ಹೇಳಲಾಗದು. ಹಾಗೆಂದು ಮಂಟಪವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಥಾಯ್ ಅಡುಗೆಗೂ ವಿಯೆಟ್ನಾಂ ಅಡುಗೆಗೂ ಹೊರಗೆ ಸಿಕ್ಕಿರುವ ಹೆಸರು ಫಿಲಿಪಿನೋ ಅಡುಗೆಗೆ ಸಿಕ್ಕಿಲ್ಲ. ಮಲಯ ಮೂಲ, ಚೀನೀ ವರ್ತಕರ ನಂಟು, ಸ್ಪೇನಿನ ಮೂರು ಶತಮಾನಗಳ ಆಳ್ವಿಕೆ, ಆಮೇಲೆ ಅಮೆರಿಕದ ಡಬ್ಬಿ ಆಹಾರ, ಇಷ್ಟೂ ಕೂಡಿದ ಅಡುಗೆಯನ್ನು ಒಂದು ಮಾತಿನಲ್ಲಿ ಪರಿಚಯಿಸುವುದು ಯಾವ ಒಬ್ಬ ತಯಾರಕನಿಂದಲೂ ಆಗುವ ಕೆಲಸವಲ್ಲ. ಪರಿಚಯಿಸಲು ತಕ್ಕ ಕಥೆಗಳಿಗೇನೂ ಕೊರತೆಯಿಲ್ಲ. ಅಮೆರಿಕದಲ್ಲಿ ರಸಾಯನಶಾಸ್ತ್ರ ಕಲಿತು ಮರಳಿ, ಆಮದಾಗುವ ಟೊಮೆಟೊ ಕೆಚಪ್ಪಿಗೆ ಬದಲಾಗಿ ಬಾಳೆಹಣ್ಣಿನಿಂದ ಕೆಚಪ್ ಮಾಡಿ, ಕಲಮಾನ್ಸಿಯನ್ನು ಪುಡಿಯಾಗಿಸಿ, 1945ರ ಮನಿಲಾ ಕದನದಲ್ಲಿ ಪ್ರಾಣ ಕಳೆದುಕೊಂಡ ಮರಿಯಾ ಒರೋಸಾ ಅವರ ಬದುಕು ಯಾವ ಜಾಹೀರಾತು ಸಂಸ್ಥೆಯ ಕಲ್ಪನೆಯನ್ನೂ ಮೀರಿಸುವಂಥದು.

ಆದರೆ ಮಳಿಗೆಯಲ್ಲಿ ನಿಜವಾಗಿ ನಡೆಯುವುದು ಕಥೆಯ ವಿನಿಮಯವಲ್ಲ. ಅನುಭವಸ್ಥ ಖರೀದಿದಾರ ಒಣ ಮಾವಿನ ಪೊಟ್ಟಣವನ್ನು ಕೈಗೆತ್ತಿಕೊಂಡರೆ ಮೊದಲು ತಿರುಗಿಸಿ ಹಿಂಬದಿಯನ್ನು ಓದುತ್ತಾನೆ. ಅಲ್ಲಿ ಅವನು ಹುಡುಕುವ ಪದಗಳಲ್ಲಿ ಒಂದು ಸಲ್ಫೈಟ್. ಮಾವಿನ ಹೋಳು ಒಣಗುವಾಗ ಕಂದಾಗದೆ ಹೊಂಬಣ್ಣ ಉಳಿಸಿಕೊಳ್ಳಲೆಂದು ಸೋಡಿಯಂ ಮೆಟಾಬೈಸಲ್ಫೈಟ್ ಬಳಸುವುದು ಈ ಉದ್ಯಮದ ಹಳೆಯ ಪದ್ಧತಿ. ಕೆಲವರಿಗೆ ಉಬ್ಬಸ ತರಬಲ್ಲ ಈ ರಾಸಾಯನಿಕ ಕಿಲೋಗೆ 10 ಮಿಲಿಗ್ರಾಂಗಿಂತ ಹೆಚ್ಚು ಉಳಿದಿದ್ದರೆ ಯೂರೋಪ್, ಅಮೆರಿಕ ಎರಡೂ ಕಡೆ ಲೇಬಲ್ಲಿನ ಮೇಲೆ ಅದನ್ನು ಹೆಸರಿಸಲೇಬೇಕು. ಸಾವಯವ ಅಂಗಡಿಗಳ ಖರೀದಿದಾರ ಅದು ಇರಲೇಬಾರದೆನ್ನುತ್ತಾನೆ, ಅದಿಲ್ಲದ ಕಂದುಬಣ್ಣದ ಹೋಳನ್ನು ಸಾಮಾನ್ಯ ಅಂಗಡಿಯ ಗಿರಾಕಿ ಹಳಸಿದ್ದೆಂದು ದೂರ ಸರಿಸುತ್ತಾನೆ. ನಂತರ ಪ್ರಶ್ನೆ ಸಕ್ಕರೆಯದು: ಹಣ್ಣಿಗೆ ಎಷ್ಟು ಸಕ್ಕರೆ ಸೇರಿಸಲಾಗಿದೆ? ಫಿಲಿಪೈನ್ಸ್‌ನ ಒಳಪೇಟೆಯಲ್ಲಿ ಸಕ್ಕರೆಯ ಬೆಲೆ ಜಾಗತಿಕ ಬೆಲೆಗಿಂತ ಮೇಲಿರುವುದು ವಾಡಿಕೆಯಾಗಿರುವುದರಿಂದ ಈ ಪ್ರಶ್ನೆ ಆರೋಗ್ಯದ್ದಷ್ಟೇ ಅಲ್ಲ, ದರದ್ದೂ ಹೌದು. ಆಮೇಲೆ ಬರುವುದು ಕಾರ್ಖಾನೆಯ ಪ್ರಮಾಣಪತ್ರ, ಕನಿಷ್ಠ ಆರ್ಡರಿನ ಪ್ರಮಾಣ, ಎಫ್‌ಒಬಿ ದರ, ಅಂದರೆ ಸರಕನ್ನು ತಯಾರಕರ ದೇಶದ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಕೂಡಿದ ಬೆಲೆ. ಹತ್ತು ನಿಮಿಷದಲ್ಲಿ ಮುಗಿಯುವ ಈ ಮಾತುಕತೆಯಲ್ಲಿ ಉತ್ತರಕ್ಕಾಗಿ ಊರಿಗೆ ಫೋನು ಹಚ್ಚಬೇಕಾದ ತಯಾರಕ ತನ್ನ ಅವಕಾಶವನ್ನು ಆಗಲೇ ಕಳೆದುಕೊಂಡಿರುತ್ತಾನೆ.

ಹಾಗಾಗಿ ಮೇಳದ ಯಶಸ್ಸು ಮೇಳಕ್ಕಿಂತ ಎರಡು ಮೂರು ವರ್ಷ ಮೊದಲೇ, ಕಾರ್ಖಾನೆಯ ಒಳಗೆ ತೀರ್ಮಾನವಾಗುತ್ತದೆ. ಆಹಾರ ತಯಾರಿಕೆಯ ಯಾವ ಹಂತದಲ್ಲಿ ಅಪಾಯ ಹೊಕ್ಕಬಹುದೆಂದು ಗುರುತಿಸಿ ಅಲ್ಲಿಯೇ ತಡೆಯುವ ಹ್ಯಾಸಪ್ ಪದ್ಧತಿ ಕೇವಲ ಮೊದಲ ಮೆಟ್ಟಿಲು. ಬ್ರಿಟನ್ನಿನ ಅಂಗಡಿ ಸರಣಿಗಳು ಬಿಆರ್‌ಸಿ ಎಂಬ ಮಾನಕವನ್ನೂ, ಜರ್ಮನಿ ಮತ್ತು ಫ್ರಾನ್ಸಿನ ಸರಣಿಗಳು ಐಎಫ್‌ಎಸ್ ಎಂಬುದನ್ನೂ ಕೇಳುತ್ತವೆ, ಮತ್ತು ಇವುಗಳ ತಪಾಸಣೆಯ ಶುಲ್ಕ, ಕಟ್ಟಡದ ಮಾರ್ಪಾಡು, ಪ್ರಯೋಗಾಲಯದ ವೆಚ್ಚವೆಲ್ಲ ಸೇರಿದರೆ ಇಪ್ಪತ್ತು ಕೆಲಸಗಾರರ ಘಟಕಕ್ಕೆ ಅದು ಸಣ್ಣ ಹೊರೆಯಲ್ಲ. ಅಮೆರಿಕದಲ್ಲಿ 2011ರ ಆಹಾರ ಸುರಕ್ಷತಾ ಆಧುನೀಕರಣ ಕಾಯಿದೆ ವಿದೇಶಿ ಪೂರೈಕೆದಾರನನ್ನು ಪರಿಶೀಲಿಸುವ ಹೊಣೆಯನ್ನು ಆಮದುದಾರನ ಮೇಲೆಯೇ ಹೊರಿಸಿದ ಮೇಲೆ ಆತ ಹೊಸಬರೊಂದಿಗೆ ವ್ಯವಹರಿಸಲು ಇನ್ನಷ್ಟು ಹಿಂಜರಿಯುತ್ತಾನೆ. ಕೊಲ್ಲಿ ದೇಶಗಳಿಗೆ ಹಲಾಲ್ ಪ್ರಮಾಣಪತ್ರ ಬೇಕು. ಇದಕ್ಕೊಂದು ರಾಷ್ಟ್ರೀಯ ಚೌಕಟ್ಟು ಕೊಡುವ ಕಾಯಿದೆಯನ್ನು ಫಿಲಿಪೈನ್ಸ್ ಮಾಡಿದ್ದು 2016ರಲ್ಲಷ್ಟೇ, ಮಿಂಡನಾವ್‌ನಲ್ಲಿ ಹಳೆಯ ಮುಸ್ಲಿಂ ಸಮುದಾಯಗಳಿದ್ದೂ ಈ ವಿಷಯದಲ್ಲಿ ಅದು ಮಲೇಷ್ಯಾಕ್ಕಿಂತ ಬಹಳ ಹಿಂದೆ ಬಿದ್ದಿತು.

ಯೂರೋಪಿನ ನಿಯಮಗಳು ಇದಕ್ಕಿಂತಲೂ ಸೂಕ್ಷ್ಮ. 1997ರ ಮೇ ತಿಂಗಳಿಗೆ ಮೊದಲು ಐರೋಪ್ಯ ಒಕ್ಕೂಟದೊಳಗೆ ಗಣನೀಯವಾಗಿ ಬಳಕೆಯಲ್ಲಿರದ ಯಾವ ಆಹಾರವೂ ಅಲ್ಲಿ 'ನವೀನ ಆಹಾರ'. 2018ರಿಂದ ಜಾರಿಯಲ್ಲಿರುವ ನಿಯಮದಡಿ ಹೊರದೇಶದ ಸಾಂಪ್ರದಾಯಿಕ ಆಹಾರವೊಂದು ಸರಳ ಮಾರ್ಗದಲ್ಲಿ ಒಳಬರಬೇಕಾದರೆ ಮೂಲದೇಶದಲ್ಲಿ ಕನಿಷ್ಠ 25 ವರ್ಷ ಸುರಕ್ಷಿತವಾಗಿ ಬಳಕೆಯಾಗಿದೆ ಎಂದು ದಾಖಲೆ ಸಮೇತ ತೋರಿಸಬೇಕು. ಬಿಕೋಲ್‌ನವರು ತಲೆಮಾರುಗಳಿಂದ ತಿಂದುಕೊಂಡು ಬಂದಿರುವ ಪಿಲಿ ಬೀಜವೂ ಈ ಕಾಗದಪತ್ರಗಳ ದಾರಿಯನ್ನು ತುಳಿಯಬೇಕಾಯಿತು. ಹಾಲಿನಪುಡಿ ಬೆರೆಸಿದ ಪೊಲ್ವರಾನ್ ಮಿಠಾಯಿಯಂಥ ಮಿಶ್ರ ತಿನಿಸಿನಲ್ಲಿ ಹಾಲಿನಪುಡಿ ಯೂರೋಪು ಒಪ್ಪಿದ ಮೂಲದಿಂದಲೇ ಬಂದಿದೆಯೆಂದು ತೋರಿಸುವ ನಿಯಮ 2021ರ ಏಪ್ರಿಲಿನಿಂದ ಬಿಗಿಯಾಯಿತು. ಒಮ್ಮೆ ಒಳಬಂದ ಸರಕೂ ನಿಶ್ಚಿಂತೆಯಿಂದ ಇರುವಂತಿಲ್ಲ: 2022ರ ಜುಲೈಯಲ್ಲಿ ಫಿಲಿಪೈನ್ಸ್‌ನ ಬ್ರಾಂಡೊಂದರ ದಿಢೀರ್ ನೂಡಲ್ಸಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕೀಟನಾಶಕದ ಅಂಶ ಕಂಡುಬಂದಿತೆಂದು ಐರ್ಲೆಂಡ್, ಫ್ರಾನ್ಸ್, ಮಾಲ್ಟಾ ಮುಂತಾದ ದೇಶಗಳು ಎಚ್ಚರಿಕೆ ನೀಡಿದವು. ಇದೇ ರಾಸಾಯನಿಕದ ಕಾರಣಕ್ಕೆ 2020ರಲ್ಲಿ ಭಾರತದ ಎಳ್ಳು ಯೂರೋಪಿನಲ್ಲಿ ಸಿಕ್ಕಿಬಿದ್ದದ್ದನ್ನು ಬಲ್ಲವರಿಗೆ, ಒಂದು ಸರಕಿನ ಮೇಲಿನ ಸಂದೇಹ ಆ ದೇಶದ ಉಳಿದ ಸರಕುಗಳಿಗೂ ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ವಿವರಿಸಬೇಕಿಲ್ಲ.

ಸುಂಕದ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಯೂರೋಪಿನ ಒಕ್ಕೂಟ 2014ರ ಡಿಸೆಂಬರಿನಿಂದ ಜಿಎಸ್‌ಪಿ ಪ್ಲಸ್ ಎಂಬ ರಿಯಾಯಿತಿ ವ್ಯವಸ್ಥೆಯಡಿ ಫಿಲಿಪೈನ್ಸ್‌ನ 6,274 ಬಗೆಯ ಸರಕುಗಳಿಗೆ ಸುಂಕ ಮನ್ನಾ ಮಾಡಿತು, ಸಾಮಾನ್ಯವಾಗಿ ಶೇ. 24ರಷ್ಟು ಸುಂಕ ಬೀಳುವ ಡಬ್ಬಿ ಟ್ಯೂನಾ ಅವುಗಳಲ್ಲಿ ಒಂದಾದ್ದರಿಂದ ಜನರಲ್ ಸಾಂಟೋಸ್‌ಗೆ ಇದು ದೊಡ್ಡ ಲಾಭವಾಯಿತು. ಹದಿನೈದು ದೇಶಗಳ ಆರ್‌ಸೆಪ್ ವ್ಯಾಪಾರ ಒಪ್ಪಂದ 2023ರ ಜೂನಿನಲ್ಲಿ ಫಿಲಿಪೈನ್ಸ್‌ಗೆ ಅನ್ವಯವಾಯಿತು. ಸುಂಕ ಇಳಿದಷ್ಟೂ ಪರೀಕ್ಷೆ ಮತ್ತು ಪ್ರಮಾಣಪತ್ರಗಳ ಗೋಡೆ ಏರಿತು ಎಂಬುದು ಆಹಾರ ವ್ಯಾಪಾರವನ್ನು ಬಲ್ಲವರೆಲ್ಲರ ಅನುಭವ. ರಾಜಕೀಯದ ನೆರಳೂ ಇದೆ: 2012ರಲ್ಲಿ ಸ್ಕಾರ್‌ಬರೋ ದಿಬ್ಬದ ಸಮುದ್ರ ವಿವಾದ ಬಿಸಿಯಾಗಿದ್ದಾಗ ಚೀನಾದ ಬಂದರುಗಳಲ್ಲಿ ಫಿಲಿಪೈನ್ಸ್‌ನ ಬಾಳೆಗೆ ಕೀಟಬಾಧೆಯ ಕಾರಣ ಹೇಳಿ ತಡೆ ಬಿದ್ದಿತು, ಹಣ್ಣು ಅಲ್ಲಿಯೇ ಕೊಳೆಯಿತು. ಶಾಂಘೈ ಮೇಳಕ್ಕೆ ದೇಶ ಉತ್ಸಾಹದಿಂದ ಹೋಗುವುದರ ಹಿಂದೆ ಈ ನೆನಪೂ ಇರಲೇಬೇಕು.

ಮೇಳಗಳು ಹೊಸ ಸರಕಿಗೆ ಹುಚ್ಚು ಬೇಡಿಕೆ ಹುಟ್ಟಿಸಿದಾಗ ಏನಾಗುತ್ತದೆ ಎಂಬುದಕ್ಕೆ ಫಿಲಿಪೈನ್ಸ್‌ನ ಇತಿಹಾಸದಲ್ಲಿಯೇ ಪಾಠಗಳಿವೆ. ತೆಂಗಿನ ನೀರನ್ನು ಬ್ಯಾಕ್ಟೀರಿಯಾದಿಂದ ಹುದುಗಿಸಿ ಪಡೆಯುವ, ಜಗಿದರೆ ಪುಟಿಯುವ ನಾಟಾ ಡಿ ಕೋಕೋ 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಒಮ್ಮೆಲೇ ಫ್ಯಾಷನ್ನಾಯಿತು. ಹಿತ್ತಲುಗಳಲ್ಲಿಯೂ ತಟ್ಟೆಗಳನ್ನು ಜೋಡಿಸಿ ಅದನ್ನು ತಯಾರಿಸಲು ಜನ ಮುಗಿಬಿದ್ದರು, ಫ್ಯಾಷನ್ ಇಳಿದಾಗ ಹೂಡಿಕೆಯೂ ಇಳಿಯಿತು. ಇದಕ್ಕೆ ವ್ಯತಿರಿಕ್ತವಾಗಿ, ತೆಂಗಿನ ಒಣತುರಿ ಮಾಡುವ ಕಾರ್ಖಾನೆಗಳು ಹಿಂದೆ ಚರಂಡಿಗೆ ಬಿಡುತ್ತಿದ್ದ ತೆಂಗಿನ ನೀರು 2010ರ ಆಸುಪಾಸಿನಲ್ಲಿ ಅಮೆರಿಕದ ಪಾನೀಯ ಮಾರುಕಟ್ಟೆ ಸೇರಿ ಗಟ್ಟಿಯಾಗಿ ನೆಲೆನಿಂತಿತು, ಏಕೆಂದರೆ ಅಲ್ಲಿ ಕಾರ್ಖಾನೆ ಮೊದಲೇ ಇತ್ತು, ನೀರನ್ನು ಸಂಗ್ರಹಿಸಿ ಪೆಟ್ಟಿಗೆಗೆ ತುಂಬುವ ಯಂತ್ರವಷ್ಟೇ ಸೇರಬೇಕಿತ್ತು. ತಿಪಟೂರು ಸುತ್ತಲಿನ ಕೊಬ್ಬರಿ ಮತ್ತು ಒಣತುರಿಯ ಘಟಕಗಳನ್ನು ಬಲ್ಲ ಕನ್ನಡ ಓದುಗನಿಗೆ ಈ ವ್ಯತ್ಯಾಸ ಬೇಗ ಅರ್ಥವಾದೀತು. ಸದ್ಯದ ಹುಚ್ಚು ಊಬೆ ಎಂಬ ನೇರಳೆ ಗೆಣಸಿನದು. ಜೋಯಿಡಾದ ಗೆಡ್ಡೆಗೆಣಸು ಮೇಳದಲ್ಲಿ ಕಾಣಸಿಗುವ ಬಳ್ಳಿಗೆಣಸುಗಳ ಬಳಗಕ್ಕೇ ಸೇರಿದ ಇದರ ಬಣ್ಣ ಐಸ್‌ಕ್ರೀಮು, ಕೇಕು, ಕಾಫಿಗಳ ಚಿತ್ರಗಳ ಮೂಲಕ ಜಗತ್ತನ್ನು ಸುತ್ತಿದೆ. ಬೊಹೋಲ್ ದ್ವೀಪದವರು ಊಬೆ ಕೈಜಾರಿ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡುತ್ತಾರೆ, ಅಷ್ಟು ಗೌರವ ಅದಕ್ಕೆ. ಆದರೆ ವರ್ಷಕ್ಕೊಂದೇ ಬೆಳೆ, ಬಿತ್ತನೆಗೂ ಗೆಡ್ಡೆಯೇ ಬೇಕು. ಬೇಡಿಕೆ ಏರಿದಷ್ಟು ವೇಗದಲ್ಲಿ ಹೊಲ ಹಿಗ್ಗುವುದಿಲ್ಲ, ಆ ನಡುವಿನ ತೆರಪನ್ನು ಕೃತಕ ಬಣ್ಣ ಮತ್ತು ಸುವಾಸನೆ ತುಂಬುತ್ತಿವೆ.

ಪೂರೈಕೆಯ ಈ ಮಿತಿಯೇ ಮಳಿಗೆಯಲ್ಲಿ ಕುಳಿತ ಸಣ್ಣ ತಯಾರಕನ ಮುಖ್ಯ ಸಂಕಟ. ಇಪ್ಪತ್ತು ಅಡಿಯ ಒಂದು ಕಂಟೇನರು ತುಂಬಿಸುವಷ್ಟು ಸರಕು ಒಬ್ಬನ ಬಳಿ ಇರುವುದಿಲ್ಲ. ಹಲವರ ಸರಕನ್ನು ಒಂದೇ ಕಂಟೇನರಿಗೆ ಕೂಡಿಸುವ ಮಧ್ಯವರ್ತಿ ಕಂಪನಿಗಳು ಈ ಕೊರತೆ ತುಂಬುತ್ತವೆ, ಲಾಭದ ಪಾಲನ್ನೂ ಪಡೆಯುತ್ತವೆ. ದೊಡ್ಡ ಆರ್ಡರು ಬಂದರೂ ಅದು ಹೆಚ್ಚಾಗಿ ಖರೀದಿದಾರನ ಸ್ವಂತ ಹೆಸರಿನಲ್ಲಿ ಪೊಟ್ಟಣ ಕಟ್ಟಿಕೊಡುವ ಆರ್ಡರು, ಅದರಲ್ಲಿ ಕಾರ್ಖಾನೆ ನಡೆಯುತ್ತದೆ, ತಯಾರಕನ ಹೆಸರು ಮಾತ್ರ ಪೊಟ್ಟಣದ ಹೊರಗೆ ಉಳಿಯುತ್ತದೆ. ಫುಡ್‌ಫಿಲಿಪೈನ್ಸ್ ಎಂಬ ಲಾಂಛನವನ್ನು ಎತ್ತಿಹಿಡಿಯುವ ಪ್ರಚಾರ ಕೊನೆಗೆ ಬೇರೊಬ್ಬರ ಲಾಂಛನದ ಪೊಟ್ಟಣವಾಗಿ ಮುಗಿಯುವುದನ್ನು ಸೋಲೆನ್ನಬೇಕಿಲ್ಲ. ಆದರೆ ಹಾಗೆ ಮುಗಿಯುತ್ತದೆಂದು ಮೊದಲೇ ಒಪ್ಪಿಕೊಂಡರೆ ಹಣವನ್ನು ಮಂಟಪದ ಅಲಂಕಾರದ ಬದಲು ಪ್ರಯೋಗಾಲಯಗಳಿಗೆ ಹಾಕುವುದು ಜಾಣತನ. ಊರಿಗೊಂದು ಉತ್ಪನ್ನವನ್ನು ಗುರುತಿಸುವ, ಜಪಾನಿನ ಓಯಿಟಾದಿಂದ ಎರವಲು ಪಡೆದ ಯೋಜನೆಗೆ ಫಿಲಿಪೈನ್ಸ್ 2023ರಲ್ಲಿ ಕಾಯಿದೆಯ ಬಲ ಕೊಟ್ಟಿತು. ಭಾರತದ ಕಿರು ಆಹಾರ ಉದ್ಯಮಗಳ ಯೋಜನೆ 2020ರಲ್ಲಿ ಜಿಲ್ಲೆಗೊಂದು ಉತ್ಪನ್ನವನ್ನು ಆಯ್ದದ್ದೂ ಇದೇ ತರ್ಕದಿಂದ. 2023ರಲ್ಲಿಯೇ ಗುಯಿಮರಾಸ್ ದ್ವೀಪದ ಮಾವು ಫಿಲಿಪೈನ್ಸ್‌ನ ಮೊದಲ ಭೌಗೋಳಿಕ ಸೂಚಕವಾಗಿ ನೋಂದಣಿಯಾದದ್ದು ಹೆಚ್ಚು ಉಪಯೋಗಕ್ಕೆ ಬರುವ ಹೆಜ್ಜೆ, ಏಕೆಂದರೆ ಅದು ಹೆಸರನ್ನು ನೆಲಕ್ಕೆ ಕಟ್ಟಿಹಾಕುತ್ತದೆ, ಪೊಟ್ಟಣ ಕಟ್ಟುವವನಿಗಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ನೆದರ್‌ಲೆಂಡ್ಸ್‌ನ ಸಿಬಿಐ ಸಂಸ್ಥೆ 1971ರಿಂದ ಅಭಿವೃದ್ಧಿಶೀಲ ದೇಶಗಳ ಸಣ್ಣ ರಫ್ತುದಾರರಿಗೆ ಯೂರೋಪಿನ ಮಾರುಕಟ್ಟೆ ತೋರಿಸುವ ಕೆಲಸ ಮಾಡುತ್ತಿದೆ. ಅದರ ಪದ್ಧತಿಯಲ್ಲಿ ಆಯ್ದ ಕೆಲವೇ ಕಂಪನಿಗಳಿಗೆ ಹಲವು ವರ್ಷ ತರಬೇತಿ ನಡೆದು, ಕಾರ್ಖಾನೆ ತಪಾಸಣೆ ಮುಗಿದು, ಮಾರುಕಟ್ಟೆ ಯೋಜನೆ ಸಿದ್ಧವಾದ ಮೇಲೆ ಮೇಳ ಬರುತ್ತದೆ. ಐರೋಪ್ಯ ಒಕ್ಕೂಟದ ನೆರವಿನಿಂದ ಜಿನೀವಾದ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರ ಫಿಲಿಪೈನ್ಸ್‌ನಲ್ಲಿ ನಡೆಸಿದ ಅರೈಸ್ ಪ್ಲಸ್ ಯೋಜನೆಯೂ ಗುಣಮಟ್ಟದ ವ್ಯವಸ್ಥೆಗೇ ಹೆಚ್ಚು ಒತ್ತು ಕೊಟ್ಟಿತು. ಒಂದೇ ಕಂಪನಿ ಒಂದೇ ಮೇಳಕ್ಕೆ ಮೂರು ಬಾರಿ ಬರಬೇಕು ಎಂಬುದು ಈ ಕ್ಷೇತ್ರದ ಹಳಬರ ಮಾತು: ಮೊದಲ ಬಾರಿ ಖರೀದಿದಾರ ನೋಡುತ್ತಾನೆ, ಎರಡನೆಯ ಬಾರಿ ಇನ್ನೂ ಬದುಕಿದ್ದಾರೆಯೇ ಎಂದು ಪರೀಕ್ಷಿಸುತ್ತಾನೆ, ಮೂರನೆಯ ಬಾರಿ ದರ ಕೇಳುತ್ತಾನೆ. ಸರ್ಕಾರಿ ರಿಯಾಯಿತಿ ಎಲ್ಲರಿಗೂ ಸಮವಾಗಿ ಹಂಚಬೇಕೆಂಬ ನ್ಯಾಯದಿಂದ ಪ್ರತಿ ವರ್ಷ ಹೊಸಬರನ್ನು ಕಳುಹಿಸುವ ಪದ್ಧತಿ ಈ ಮೂರನೆಯ ಭೇಟಿಯನ್ನೇ ಕತ್ತರಿಸಿಹಾಕುತ್ತದೆ. ನ್ಯಾಯ ಮತ್ತು ಫಲಗಳ ನಡುವೆ ಇಲ್ಲಿ ನಿಜವಾದ ಘರ್ಷಣೆಯಿದೆ, ಅದನ್ನು ಬಗೆಹರಿಸುವ ಸುಲಭ ಸೂತ್ರವಿಲ್ಲ.

ಎಲ್ಲಕ್ಕೂ ತಳಹದಿಯಾಗಿರುವ ತೆಂಗಿನ ಪರಿಸ್ಥಿತಿ ಈ ಇಡೀ ವಿಷಯದ ಅತ್ಯಂತ ಕಠಿಣ ಭಾಗ. ಸುಮಾರು 36 ಲಕ್ಷ ಹೆಕ್ಟೇರಿನಲ್ಲಿ ಹಬ್ಬಿರುವ ತೋಟಗಳಲ್ಲಿ ಮುದಿ ಮರಗಳ ಪಾಲು ದೊಡ್ಡದು. 2013ರ ನವೆಂಬರಿನಲ್ಲಿ ಹೈಯಾನ್ ಚಂಡಮಾರುತ ಪೂರ್ವ ವಿಸಾಯಸ್‌ನಲ್ಲಿ 3 ಕೋಟಿಗೂ ಹೆಚ್ಚು ತೆಂಗಿನ ಮರಗಳಿಗೆ ಹಾನಿ ಮಾಡಿತು, ಹೊಸ ಸಸಿ ಫಲ ಕೊಡಲು ವರ್ಷಗಳೇ ಬೇಕು. ಮಾರ್ಕೋಸ್ ಆಳ್ವಿಕೆಯಲ್ಲಿ 1970ರ ದಶಕದಲ್ಲಿ ಬೆಳೆಗಾರರಿಂದ ಸಂಗ್ರಹಿಸಿದ ತೆಂಗಿನ ಕರದ ಹಣ ಅವರಿಗೆ ಮರಳುವ ದಾರಿ ಕಾಯಿದೆಯ ಮೂಲಕ ತೆರೆದದ್ದು 2021ರಲ್ಲಿ. 2025ರಲ್ಲಿ ಕೊಬ್ಬರಿ ಎಣ್ಣೆಯ ಜಾಗತಿಕ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿದಾಗ, ಡೀಸೆಲ್ಲಿಗೆ ಬೆರೆಸುವ ತೆಂಗಿನ ಇಂಧನದ ಪ್ರಮಾಣವನ್ನು ಶೇ. 3ರಿಂದ 4ಕ್ಕೆ ಏರಿಸುವ ನಿರ್ಧಾರವನ್ನು ಸರ್ಕಾರ ತಡೆಹಿಡಿಯಬೇಕಾಯಿತು. ಆ ವರ್ಷ ತೆಂಗಿನ ಹಾಲು, ತೆಂಗಿನ ಪುಡಿ ಮಾರುವವರಿಗೆ ಗಿರಾಕಿಗಳ ಕೊರತೆಯಿರಲಿಲ್ಲ, ಕಾಯಿಯ ಕೊರತೆಯಿತ್ತು. ಯೂರೋಪಿನ ಖರೀದಿದಾರ ಆರು ತಿಂಗಳಿಗೆ ದರ ಕಟ್ಟಿಕೊಡಿ ಎಂದು ಕೇಳಿದರೆ, ನಾಳಿನ ಕಾಯಿಯ ಬೆಲೆ ತಿಳಿಯದ ತಯಾರಕನಿಗೆ ಆ ದರವನ್ನು ಬರೆದುಕೊಡುವ ಧೈರ್ಯ ಬರುವುದು ಕಷ್ಟ.